ಉಪವಾಸ ಬಿಟ್ಟವಳು

ಹೋದ ವರ್ಗಾವಣೆಯಲ್ಲಿ ನಮ್ಮ ಶಾಲೆಯ ಇಂಗ್ಲಿಷ್ ಟೀಚರಿಗೆ ಮಳವಳ್ಳಿ ಕಡೆಯ ಶಾಲೆ ಸಿಕ್ಕಿತು. ಬೀಳ್ಕೊಡುಗೆಯ ದಿನ ಹೆಡ್ ಮಾಸ್ಟರು ಮೈಕಿನ ಮುಂದೆ ನಿಂತು, "ಸರಳಜೀವಿ, ಮಿತಾಹಾರಿ, ಉಪವಾಸ ವ್ರತಗಳಲ್ಲಿ ಬಹಳ ನಿಷ್ಠೆ ಉಳ್ಳವರು, ಮಕ್ಕಳು ಇವರನ್ನು ನೋಡಿ ಕಲಿಯಬೇಕು" ಎಂದರು. ಪಾಪ, ಹೆಡ್ ಮಾಸ್ಟರು ನಮ್ಮ ಶಾಲೆಗೆ ಬಂದು ಇನ್ನೂ ಒಂದು ಮಳೆಗಾಲ ಕಳೆದಿರಲಿಲ್ಲ. ಯಾರೋ ಹಳಬರು ಹೇಳಿಕೊಟ್ಟದ್ದನ್ನು ಒಪ್ಪಿಸಿದರು. ಆದರೂ ನನಗೆ ಮೈಯೆಲ್ಲ ಉರಿದುಹೋಯಿತು. ಎದ್ದುಹೋಗಿ ಮೈಕು ಕಿತ್ತುಕೊಳ್ಳುವವಳೇ ಇದ್ದೆ. ಅಷ್ಟರಲ್ಲಿ ವೇದಿಕೆಯ ಮೇಲೆ ಹಾರ ಹಾಕಿಸಿಕೊಂಡು ಕುಳಿತಿದ್ದ ಅವಳು ನನ್ನ ಮುಖ ನೋಡಿ ನಕ್ಕಳು. ಮುಂದಿದ್ದ ತಟ್ಟೆಯಿಂದ ಲಾಡು ಎತ್ತಿಕೊಂಡು, ಭಾಷಣ ಇನ್ನೂ ನಡೆಯುತ್ತಿರುವಾಗಲೇ, ಎಲ್ಲರ ಎದುರಿಗೆ ಕಚ್ಚಿದಳು. ಲಾಡು ಮುಗಿದರೂ ಹೆಡ್ ಮಾಸ್ಟರ ಹೊಗಳಿಕೆ ಮುಗಿದಿರಲಿಲ್ಲ.

ಅವತ್ತು ಮೈಕಿನಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಬರೆಯಲಾ ಎಂದು ಕೇಳಿದಾಗ ಅವಳು, "ನನ್ನ ಹೆಸ್ರು ಹಾಕ್ಬೇಡ ಕಣೆ, ಕಾಯಿಲೆ ಹೆಸ್ರು ಹಾಕು. ನನ್ನ ಹೆಸ್ರು ಎಲ್ಲಾರ್ಗೂ ಗೊತ್ತು, ಅದರದ್ದೇ ಯಾರ್ಗೂ ಗೊತ್ತಿಲ್ಲ" ಎಂದಳು. ಕಾಯಿಲೆಯ ಹೆಸರು ಈಟಿಂಗ್ ಡಿಸಾರ್ಡರ್. ಉಣ್ಣಲಾಗದ ಕಾಯಿಲೆ. ಹಸಿವಿದ್ದೂ, ಅನ್ನ ಎದುರಿಗಿದ್ದೂ, ಬಾಯಿಗಿಡಲು ಕೈ ಬಾರದ ಕಾಯಿಲೆ. ನಮ್ಮ ಮಂಡ್ಯದ ಕಡೆ ಇದನ್ನು ಗ್ಯಾಸ್ಟ್ರಿಕ್ಕು ಅನ್ನುತ್ತಾರೆ, ಅಲ್ಸರು ಅನ್ನುತ್ತಾರೆ, ಯಾರದೋ ಕಣ್ಣು ತಗುಲಿದೆ ಅನ್ನುತ್ತಾರೆ. ಹೆಂಗಸರಿಗೆ ಬಂದರೆ ಒಳ್ಳೆಯ ಗುಣ ಅನ್ನುತ್ತಾರೆ. ಇನ್ನು ಬಹುವಚನದ ವಿಷಯ. ಅವಳು ನನ್ನ ಓರಗೆಯವಳು. 'ಅವರು' ಎಂದು ಬರೆದರೆ ಅವಳೇ ಫೋನು ಮಾಡಿ ನಗುತ್ತಾಳೆ. ಹಾಗಾಗಿ ಅವಳು ಅವಳಾಗಿಯೇ ಇರಲಿ.

ನಮ್ಮ ಶಾಲೆ ಇರುವುದು ನಿಡಘಟ್ಟದ ಹತ್ತಿರ, ಹೆದ್ದಾರಿಯಿಂದ ಸ್ವಲ್ಪ ಒಳಗೆ. ನಾನು ಕೆರಗೋಡಿನ ಕಡೆಯವಳು, ಮಂಡ್ಯದಲ್ಲಿ ಮನೆ ಮಾಡಿಕೊಂಡು ದಿನಾ ಓಡಾಡುವವಳು, ಕನ್ನಡ ಪಾಠ ಮಾಡುವವಳು. ಅವಳದು ಕಿರುಗಾವಲಿನ ಆಚೆಯ ಒಂದು ಊರು. ತಾತನ ಕಾಲದಿಂದ ಚರ್ಚಿಗೆ ನಡೆದುಕೊಂಡು ಬಂದ ಮನೆತನ. ಮದುವೆ ಆಗಿರಲಿಲ್ಲ, ಮದ್ದೂರಿನಲ್ಲಿ ಒಂದು ಚಿಕ್ಕ ಬಾಡಿಗೆ ಮನೆಯಲ್ಲಿದ್ದಳು. ಮಕ್ಕಳ ಮುಂದೆ ಇಂಗ್ಲಿಷನ್ನು ಇಸ್ತ್ರಿ ಹಾಕಿದಂತೆ ಮಾತಾಡುತ್ತಿದ್ದಳು. ಸ್ಟಾಫ್ ರೂಮಿಗೆ ಬಂದು ಕುರ್ಚಿಯಲ್ಲಿ ಕೂತ ಕೂಡಲೇ, "ಅಯ್ಯೋ ಬುಡತ್ಲಾಗೆ, ಈ ಐಕ್ಳು ಜೊತೆ ಯಾರ್ ಬಡ್ಕತ್ತಾರೆ" ಎಂದು ಊರಿನ ಮಾತಿಗೆ ಇಳಿಯುತ್ತಿದ್ದಳು.

ಸ್ಟಾಫ್ ರೂಮಿನ ಊಟ ಎಂದರೆ ನಮ್ಮಲ್ಲಿ ಖಾಸಗಿ ವಿಷಯವಲ್ಲ. ಎಲ್ಲ ಡಬ್ಬಿಗಳೂ ಮೇಜಿನ ನಡುವೆ ಬಾಯಿ ತೆರೆದು ಕೂರಬೇಕು. ಎಲ್ಲರ ಕೈಯೂ ಎಲ್ಲ ಡಬ್ಬಿಗೂ ಹೋಗಬೇಕು. ಯಾರು ಏನು ತಂದರು, ಎಷ್ಟು ಉಂಡರು, ಯಾಕೆ ಬಿಟ್ಟರು ಎಂಬುದರ ಮೇಲೆ ಚರ್ಚೆ ಆಗಲೇಬೇಕು. ಇಂಥ ಕಡೆ ಒಬ್ಬ ಹೆಂಗಸು ವರ್ಷಗಟ್ಟಲೆ ಉಣ್ಣದೆ ತಪ್ಪಿಸಿಕೊಂಡಳು ಎಂದರೆ ಅವಳ ಜಾಣತನ ಎಂಥದ್ದಿರಬೇಕು! ಅವಳ ಡಬ್ಬಿಯೇ ಎಲ್ಲರದ್ದಕ್ಕಿಂತ ದೊಡ್ಡದು. ಬಸ್ಸಾರು, ಕೈಮ ಉಂಡೆ, ಕ್ರಿಸ್ಮಸ್ಸಿಗೆ ಕಜ್ಜಾಯ, ರೋಸ್ ಕುಕ್ಕೀಸು, ಏನು ಮಾಡಿದರೂ ಬೆರಳು ನೆಕ್ಕಬೇಕು. ಅವಳೇ ಎದ್ದು ನಿಂತು ಬಡಿಸುತ್ತಿದ್ದಳು. ಬಡಿಸುವವಳ ತಟ್ಟೆಯನ್ನು ಯಾರು ನೋಡುತ್ತಾರೆ? ಅದರಲ್ಲಿ ಒಂದಿಷ್ಟು ಮೊಸರು ಸವರಿರುತ್ತಿತ್ತು, ಒಂದೆರಡು ಅಗುಳು ಅಂಟಿರುತ್ತಿತ್ತು. ಉಂಡ ತಟ್ಟೆಯಂತೆಯೇ ಕಾಣುತ್ತಿತ್ತು.

ಮುದ್ದೆಯ ಮುಂದೆ ಮಾತ್ರ ಅವಳ ಜಾಣತನ ನಡೆಯಲಿಲ್ಲ. ನಮ್ಮ ಕಡೆ ಮುದ್ದೆಯನ್ನು ಯಾರೂ ಅಗಿಯುವುದಿಲ್ಲ. ಸಾರಿನಲ್ಲಿ ಅದ್ದಿ ಹಾಗೆಯೇ ನುಂಗುವುದು. ಅವಳು ಒಂದು ದಿನ ಬಲವಂತಕ್ಕೆ ಸಿಕ್ಕಿ ಕಡಲೆಯಷ್ಟು ಮುರಿದುಕೊಂಡು ಅಗಿಯುತ್ತಾ ಕೂತಳು. ನುಂಗಲಿಲ್ಲ, ಅಗಿದೇ ಅಗಿದಳು. "ಮುದ್ದೆ ಅಗಿಯೋರ್ನ ಮಂಡ್ಯ ಜಿಲ್ಲೆಯಿಂದ ಗಡೀಪಾರು ಮಾಡ್ತಾರೆ ಕಣಮ್ಮ" ಎಂದು ನಾನು ಹೇಳಿದೆ. ಎಲ್ಲರೂ ನಕ್ಕರು, ಅವಳೂ ನಕ್ಕಳು. ಆಮೇಲೆ ಕೈತೊಳೆಯುವ ನೆಪದಲ್ಲಿ ಎದ್ದುಹೋದಳು. ಏಪ್ರಿಲ್ ಬಿಸಿಲಿನಲ್ಲೂ ಸ್ವೆಟರು ಹಾಕಿಕೊಳ್ಳುತ್ತಿದ್ದಳು. ಬಸ್ಸು ಖಾಲಿ ಇದ್ದರೂ, ಕೂತರೆ ಮೈ ಬರುತ್ತದೆ ಎಂಬಂತೆ, ಕೂರುತ್ತಿರಲಿಲ್ಲ, ಕಂಬಿ ಹಿಡಿದು ನಿಂತೇ ಮದ್ದೂರು ತಲುಪುತ್ತಿದ್ದಳು. ಬಳೆಗಳು ಜಾರಿ ಮೊಣಕೈ ಮುಟ್ಟುತ್ತಿದ್ದವು. "ಏನಮ್ಮ, ಹಿಂಗೆ ಬಡವಾಗಿದ್ದೀಯಾ" ಎಂದರೆ, "ನಮ್ ಮೈಕಟ್ಟೇ ಹಂಗೆ" ಎಂದು ಮಾತು ಮುಗಿಸುತ್ತಿದ್ದಳು.

ಕ್ರೈಸ್ತರಿಗೆ ಪಾಸ್ಕ ಹಬ್ಬಕ್ಕೆ, ಅಂದರೆ ಈಸ್ಟರಿಗೆ, ಮುಂಚೆ ತಪಸ್ಸು ಕಾಲ ಎಂದು ಬರುತ್ತದೆ. ಬೂದಿ ಬುಧವಾರ ಶುರುವಾಗಿ, ಯೇಸುವನ್ನು ಶಿಲುಬೆಗೇರಿಸಿದ ಶುಭ ಶುಕ್ರವಾರ ದಾಟುವವರೆಗೂ ಒಪ್ಪೊತ್ತು, ಉಪವಾಸ, ಬಾಯಿಚಪಲ ಬಿಡುವುದು. ಆ ಬುಧವಾರ ಅವಳು ಹಣೆಯ ಮೇಲೆ ಬೂದಿಯ ಶಿಲುಬೆ ಇಟ್ಟುಕೊಂಡು ಬಂದರೆ ನಮ್ಮ ಅಟೆಂಡರು ಪ್ರತಿ ವರ್ಷವೂ, "ಯಾವ ದೇವಸ್ಥಾನಕ್ಕೆ ಹೋಗಿದ್ರಿ ಮೇಡಂ, ನಮ್ಗೂ ಒಸಿ ಪ್ರಸಾದ ತರಬಾರ್ದಾ" ಎಂದು ಕೇಳುತ್ತಿದ್ದ. ಆ ದಿನಗಳಲ್ಲಿ ಅವಳ ಮುಖಕ್ಕೆ ಒಂದು ಕಳೆ ಬರುತ್ತಿತ್ತು. ಭಕ್ತಿಯ ಕಳೆ ಎಂದುಕೊಂಡಿದ್ದೆವು. ನಿಜ ಏನೆಂದರೆ, ವರ್ಷವಿಡೀ ಕದ್ದು ಮಾಡುವುದನ್ನು ಆಗ ಬಹಿರಂಗವಾಗಿ ಮಾಡಬಹುದಿತ್ತು. ತಟ್ಟೆಗೆ ಮೊಸರು ಸವರುವ ಕೆಲಸವೂ ಇರಲಿಲ್ಲ. "ಉಪವಾಸ" ಎಂದರೆ ಸಾಕು, ಎಲ್ಲರೂ ಕೈ ಮುಗಿದು ಸುಮ್ಮನಾಗುತ್ತಿದ್ದರು. ಸೋಮವಾರ, ಶನಿವಾರ ಒಂದು ಹೊತ್ತು ಬಿಡುವುದಕ್ಕೇ ಒದ್ದಾಡುವ ನಾವು, ಇವಳು ಇಷ್ಟು ದಿನ ಹೇಗೆ ಇರುತ್ತಾಳೆ ಎಂದು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆವು. ಹೊಗಳಿ ಹೊಗಳಿ ಅವಳನ್ನು ಇನ್ನಷ್ಟು ಒಣಗಿಸಿದೆವು.

ಅಂಥದ್ದೊಂದು ತಪಸ್ಸು ಕಾಲದಲ್ಲಿ, ಬೆಳಗಿನ ಪ್ರಾರ್ಥನೆ ನಡೆಯುತ್ತಿರುವಾಗ, ಮಕ್ಕಳ ಸಾಲಿನ ಮುಂದೆಯೇ ಕುಸಿದು ಬಿದ್ದಳು. ನಾನು ಮತ್ತು ಅಟೆಂಡರು ಆಟೋದಲ್ಲಿ ಹಾಕಿಕೊಂಡು ಹೋದೆವು. ಎತ್ತಿದಾಗ ಅವಳ ಭಾರ ಕೈಗೆ ತಿಳಿಯಲಿಲ್ಲ. ಆಗ ನನಗೆ ಹೆದರಿಕೆಯಾಯಿತು. ಮಂಡ್ಯದ ಆಸ್ಪತ್ರೆಯಲ್ಲಿ ಒಬ್ಬಳು ಚಿಕ್ಕ ವಯಸ್ಸಿನ ಡಾಕ್ಟರು ಅವಳ ರೆಪ್ಪೆ ಬಿಡಿಸಿ ನೋಡಿದಳು, ಕೂದಲು ಮುಟ್ಟಿ ನೋಡಿದಳು, ನಾಡಿ ಹಿಡಿದು ಗಡಿಯಾರ ನೋಡಿದಳು. ಆಮೇಲೆ ಆ ಹೆಸರು ಹೇಳಿದಳು. ಹೃದಯ ಸೊರಗಿದೆ, ಇನ್ನೊಂದು ಸಲ ಹೀಗೆ ಹಸಿದುಕೊಂಡರೆ ಎದ್ದು ಬರುತ್ತಾರೆ ಎಂದು ನಾನು ಹೇಳಲಾರೆ ಎಂದಳು. ಹಾಸಿಗೆಯಲ್ಲಿದ್ದವಳು, "ಇದು ಕಾಯಿಲೆ ಅಲ್ಲ ಡಾಕ್ಟ್ರೇ, ನಾನು ಕ್ರೈಸ್ತಳು, ಇದು ನಮ್ಮ ಉಪವಾಸ" ಎಂದು ವಾದ ಹೂಡಿದಳು. ಡ್ರಿಪ್ಪು ಹಾಕಿದ ಕೈಯಲ್ಲೇ ಜಪಮಾಲೆ ಹಿಡಿದುಕೊಂಡಿದ್ದಳು.

ಸಂಜೆಗೆ ಅವರ ಫಾದರು ಬಂದರು. ವಯಸ್ಸಾದವರು, ದಪ್ಪಗಿದ್ದರು, ಮೆಟ್ಟಿಲು ಹತ್ತಿ ಬಂದು ಏದುಸಿರು ಬಿಡುತ್ತಿದ್ದರು. ಕೈಯಲ್ಲಿ ಇಡ್ಲಿಯ ಪೊಟ್ಟಣ. ಅವಳು ಎದ್ದು ಕೂತಳು, ಮೆಚ್ಚುಗೆಯ ಮಾತು ಬರುತ್ತದೆ ಎಂದುಕೊಂಡಿರಬೇಕು. ಫಾದರು ಡಾಕ್ಟರ ಹತ್ತಿರ ಮಾತಾಡಿಕೊಂಡೇ ಒಳಗೆ ಬಂದಿದ್ದರು.

"ಈ ಸಲದ ತಪಸ್ಸು ಏನು ಅಂತ ನಾನೇ ಹೇಳ್ತೀನಿ," ಎಂದರು. "ಮೂರು ಹೊತ್ತು ಉಣ್ಣಬೇಕು."

"ಅದೆಂಥ ತಪಸ್ಸು ಫಾದರ್? ಬೇರೆ ಏನಾದ್ರೂ ಕೊಡಿ. ಮೊಣಕಾಲೂರಿ ಶಿಲುಬೆ ಹಾದಿ ಪ್ರಾರ್ಥನೆ ಮಾಡ್ತೀನಿ."

"ಅದು ನಿನಗೆ ಸುಲಭ ಕಣಮ್ಮ. ಸುಲಭವಾದದ್ದನ್ನ ದೇವರಿಗೆ ಕೊಟ್ಟು ಏನು ಮಾಡ್ತೀಯ? ನಿನ್ನ ಕೈಲಿ ಆಗದೇ ಇರೋದನ್ನ ಕೊಡು."

ಪೊಟ್ಟಣ ಬಿಚ್ಚಿ ಅವಳ ತೊಡೆಯ ಮೇಲಿಟ್ಟರು. ಅವಳಿಗೆ ಬಂದ ಸಿಟ್ಟು ನಾನು ಅವಳಲ್ಲಿ ಹಿಂದೆಂದೂ ಕಂಡಿರಲಿಲ್ಲ. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಹಲ್ಲು ಕಚ್ಚಿಕೊಂಡಿದ್ದಳು. ಫಾದರು ಕುರ್ಚಿ ಎಳೆದುಕೊಂಡು ಕೂತರು, ಹೊರಡುವ ಲಕ್ಷಣವೇ ಇಲ್ಲ. ಆಸ್ಪತ್ರೆಯ ಕಿಟಕಿಯಾಚೆ ಕಬ್ಬಿನ ಲಾರಿಗಳು ಒಂದರ ಹಿಂದೆ ಒಂದು ಹೋದವು. ಕೊನೆಗೆ ಅವಳು ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡು ಅರ್ಧ ಇಡ್ಲಿ ತಿಂದಳು. ಅವಳು ತಿನ್ನುವುದನ್ನು ನಾನು ಕಣ್ಣಾರೆ ನೋಡಿದ್ದು ಅವತ್ತೇ ಮೊದಲು.

ಅವಳ ಕಥೆಯನ್ನು ಅವಳೇ ಹೇಳಿದ್ದು ಆಮೇಲೆ, ಒಂದೊಂದು ಚೂರಾಗಿ. ಹೈಸ್ಕೂಲಿನಲ್ಲಿದ್ದಾಗ ಅವಳ ಅಪ್ಪ ಹಾಸಿಗೆ ಹಿಡಿದಿದ್ದರಂತೆ. ಮನೆಯವರೆಲ್ಲ ಪ್ರಾರ್ಥನೆ ಮಾಡಿದರು, ಈ ಹುಡುಗಿ ಊಟ ಬಿಟ್ಟಳು. ಮೈಸೂರಿನ ಡಾಕ್ಟರ ಔಷಧಿಗೆ ಅಪ್ಪ ಎದ್ದು ಕೂತರು, ಹೆಸರು ಬಂದದ್ದು ಮಗಳ ಉಪವಾಸಕ್ಕೆ. ಅಲ್ಲಿಂದ ಶುರು. ತಮ್ಮನ ಪರೀಕ್ಷೆಗೆ ಇವಳ ಉಪವಾಸ, ಎಮ್ಮೆ ಕರು ಹಾಕುವುದಕ್ಕೆ ಇವಳ ಉಪವಾಸ, ಪಕ್ಕದ ಮನೆಯವಳ ಗಂಡ ಕುಡಿತ ಬಿಡಲಿ ಎಂದು ಇವಳ ಉಪವಾಸ. ಒಂದೊಂದು ಮನೆಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ಕೆಲಸ ಗೊತ್ತುಮಾಡಿರುತ್ತಾರಲ್ಲ, ನೀರು ಸೇದುವುದು ಒಬ್ಬಳದು, ಹಾಲು ಕರೆಯುವುದು ಒಬ್ಬಳದು. ಆ ಮನೆಯಲ್ಲಿ ಹಸಿದುಕೊಳ್ಳುವುದು ಇವಳದು. ಮಾಡುತ್ತಾ ಮಾಡುತ್ತಾ ಕಾರಣ ಬೇಡವಾಯಿತು. ಹಸಿವೇ ರುಚಿಯಾಯಿತು. ತಟ್ಟೆ ನೋಡಿದರೆ ಭಯ, ಬಿಟ್ಟರೆ ಗೆದ್ದಂತೆ. ಚರ್ಚಿನಲ್ಲಿ ನಾಲಿಗೆಯ ಮೇಲೆ ಇಡುವ ಪರಮಪ್ರಸಾದ, ಕಾಗದದಷ್ಟು ತೆಳ್ಳಗಿನ ರೊಟ್ಟಿ, ಅದನ್ನು ನುಂಗುವಾಗಲೂ ಇದರಿಂದ ಮೈ ಬಂದೀತೆ ಎಂದು ಲೆಕ್ಕ ಹಾಕುತ್ತಿದ್ದಳಂತೆ.

"ಆವತ್ತೇ ಗೊತ್ತಾಗ್ಬೇಕಿತ್ತು ಕಣೆ," ಎಂದಳು. "ನಾನು ಪೂಜೆ ಮಾಡ್ತಿದ್ದ ದೇವ್ರು ಏಸು ಅಲ್ಲ, ಇನ್ಯಾವನೋ. ಏಸು ಕರೆದೋರ ಮನೇಗೆಲ್ಲ ಹೋಗಿ ಉಂಡವನು. ಹೊಟ್ಟೆಬಾಕ ಅಂತ್ಲೇ ಬೈಸ್ಕೊಂಡವನು."

ನಾನು ಚರ್ಚಿನವಳಲ್ಲ. ನಮ್ಮನೆ ದೇವರು ಬೇರೆ, ನನ್ನ ಭಕ್ತಿಯೂ ಅಷ್ಟಕ್ಕಷ್ಟೇ. ಆದರೆ ಅವಳು ಆ ಒಂದು ವರ್ಷ ತನ್ನ ದೇವರ ಜೊತೆ ಸೇರಿಕೊಂಡು ಕಾಯಿಲೆಯ ಮೇಲೆ ಬಿದ್ದ ರೀತಿ ಇದೆಯಲ್ಲ, ಅದನ್ನು ನೋಡಿದವಳು ನಾನು. ಡಾಕ್ಟರು ಹೇಳಿದ ಹೊತ್ತಿಗೆ ಡಬ್ಬಿ ತೆಗೆಯುತ್ತಿದ್ದಳು. ಶಿಲುಬೆಯ ಗುರುತು ಹಾಕಿಕೊಂಡು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಉಪ್ಪಿಟ್ಟನ್ನು ದುರುಗುಟ್ಟಿ ನೋಡಿ, "ಬಾ, ನೋಡ್ಕತ್ತೀನಿ" ಎನ್ನುತ್ತಿದ್ದಳು. ಮೊದಮೊದಲು ಊಟದ ಪ್ರಾರ್ಥನೆಯನ್ನೇ ತಪ್ಪಿಸಿಕೊಳ್ಳುವ ದಾರಿ ಮಾಡಿಕೊಂಡಿದ್ದಳು. ಕಣ್ಣು ಮುಚ್ಚಿದರೆ ಬೆಲ್ಲು ಹೊಡೆಯುವವರೆಗೂ ತೆರೆಯುತ್ತಿರಲಿಲ್ಲ. "ನಿಮ್ಮ ದೇವ್ರಿಗೆ ಕೇಳಿಸ್ತು, ಈಗ ಉಣ್ಣು" ಎಂದು ನಾನು ಗದರಿದ ಮೇಲೆ ಪ್ರಾರ್ಥನೆ ಒಂದೇ ವಾಕ್ಯಕ್ಕೆ ಇಳಿಯಿತು. ಆ ವಾಕ್ಯ ಏನೆಂದು ಕೇಳಿದ್ದಕ್ಕೆ, "ಕೈ ಹಿಡ್ಕೋ ಅಂತೀನಿ, ಅಷ್ಟೇಯ" ಎಂದಳು.

ಅವಳಿಗೆ ಬಹಳ ಹಿಡಿಸಿದ ಒಂದು ಪ್ರಸಂಗವಿತ್ತು. ಸತ್ತುಹೋದ ಒಬ್ಬ ಹುಡುಗಿಯನ್ನು ಯೇಸು ಕೈಹಿಡಿದು ಎಬ್ಬಿಸಿದ್ದು. ಅದನ್ನು ಅವಳು ತನ್ನ ಮಾತಿನಲ್ಲೇ ಹೇಳುತ್ತಿದ್ದಳು. "ಮನೆ ತುಂಬ ಜನ, ಎಲ್ಲಾ ಬಾಯ್ ಬಾಯ್ ಬುಡ್ತಾ ನಿಂತವ್ರೆ, ಹುಡ್ಗಿ ಎದ್ಲಲ್ಲಾ ಅಂತ. ಅವನೊಬ್ನಿಗೆ ಮಾತ್ರ ಜ್ಞಾಪಕ ಬಂದದ್ದು, ಕೂಸು ಹಸ್ಕೊಂಡೈತೆ, ಉಣ್ಣಾಕೆ ಏನಾರಾ ಕೊಡ್ರಿ ಅಂತ. ಎದ್ದು ಪ್ರಾರ್ಥನೆ ಮಾಡು ಅನ್ನಲಿಲ್ಲ ಕಣೆ. ಉಣ್ಣು ಅಂದ."  ಪ್ರತಿ ಸಲ ಇಷ್ಟು ಹೇಳಿದ ಮೇಲೆ ಡಬ್ಬಿಗೆ ಕೈ ಹಾಕುತ್ತಿದ್ದಳು.

ಎಲ್ಲ ದಿನವೂ ಗೆದ್ದಳು ಎಂದರೆ ಸುಳ್ಳಾಗುತ್ತದೆ. ಒಂದು ಸಂಜೆ ಮದ್ದೂರು ಸ್ಟೇಷನ್ನಿನಲ್ಲಿ ನನ್ನನ್ನು ರೈಲು ಹತ್ತಿಸಲು ಬಂದಿದ್ದಳು. ಇಬ್ಬರೂ ಒಂದೊಂದು ವಡೆ ತೆಗೆದುಕೊಂಡೆವು. ನಾನು ಆಚೆ ತಿರುಗಿದಾಗ ಅವಳು ತನ್ನದನ್ನು ಹಳಿಯ ಮೇಲೆ ಎಸೆದುಬಿಟ್ಟಳು. ಓರೆಗಣ್ಣಿನಲ್ಲಿ ನಾನು ನೋಡಿದೆ, ನಾನು ನೋಡಿದ್ದು ಅವಳಿಗೂ ತಿಳಿಯಿತು. ಕೂಡಲೇ ಹೋಗಿ ಇನ್ನೊಂದು ವಡೆ ತಂದಳು. ಬೆಂಚಿನ ಮೇಲೆ ಕೂತು ಅಳುತ್ತಾ, ಮೂಗು ಒರೆಸಿಕೊಳ್ಳುತ್ತಾ, ಕಾಯಿಲೆಯನ್ನು ಬಾಯಿಗೆ ಬಂದಂತೆ ಬೈಯುತ್ತಾ ಪೂರ್ತಿ ತಿಂದಳು. ನನ್ನ ರೈಲು ಹೊರಟುಹೋಯಿತು, ಹೋಗಲಿ ಎಂದು ಬಿಟ್ಟೆ. ಪಕ್ಕದಲ್ಲಿದ್ದ ಅಜ್ಜಿಯೊಬ್ಬಳು, "ಯಾಕವ್ವ, ಖಾರ ಜಾಸ್ತಿ ಆಯ್ತಾ?" ಎಂದಳು.

ಇನ್ನೊಂದು ದಿನ ಯಾವುದೋ ಪ್ರಾರ್ಥನಾ ಗುಂಪಿನ ಹೆಂಗಸರು ಮನೆಗೆ ಬಂದು, ಮಾತ್ರೆ ನಿಲ್ಲಿಸು, ಡಾಕ್ಟರ ಹತ್ತಿರ ಹೋಗಬೇಡ, ನಂಬಿಕೆ ಇದ್ದರೆ ಸಾಕು ಎಂದರು. ಅವಳು ಅವರಿಗೆ ಕಾಫಿ ಕೊಟ್ಟಳು, ತಾನೂ ಒಂದು ಲೋಟ ತುಂಬ ಹಾಲು ಹಾಕಿಕೊಂಡು ಎದುರಿಗೆ ಕೂತಳು. "ಮತ್ತೆ ಡಾಕ್ಟ್ರನ್ನ ಮಾಡ್ದೋನು ಯಾರು, ಸೈತಾನನಾ?" ಎಂದು ಕೇಳಿದಳು. ಅವರು ಬೇಗ ಹೊರಟರು. ಅಷ್ಟರಲ್ಲೇ ಅವಳು ಮಾತ್ರೆಯನ್ನು ಅವರ ಎದುರಿಗೇ ನುಂಗಿದ್ದಳು.

ಹೀಗೆ ಒಂದು ವರ್ಷ ಕಳೆಯಿತು. ಬಳೆಗಳು ಮಣಿಕಟ್ಟಿನಲ್ಲಿ ನಿಲ್ಲತೊಡಗಿದವು. ಬಸ್ಸಿನಲ್ಲಿ ಸೀಟು ಹಿಡಿಯಲು ನನ್ನ ಜೊತೆಯೇ ಜಗಳಕ್ಕೆ ನಿಂತಳು. ಅವಳ ಬೆನ್ನಿಗಿದ್ದ ಫಾದರಿಗೆ ಬೇರೆ ಊರಿಗೆ ವರ್ಗವಾಯಿತು. ಆಮೇಲೆ ಮತ್ತೆ ತಪಸ್ಸು ಕಾಲ ಬಂತು, ಅದರ ಜೊತೆಗೆ ಅವಳ ತಾಯಿಯೂ ಬಂದಳು.

ಅವತ್ತು ಭಾನುವಾರ, ನಾನು ಮದ್ದೂರಿನ ಅವಳ ಮನೆಯಲ್ಲೇ ಇದ್ದೆ. ತಾಯಿ ಗಟ್ಟಿ ಹೆಂಗಸು. ಗದ್ದೆ ಮಾಡಿಸಿದವಳು, ಚರ್ಚಿನಲ್ಲಿ ನಾಲ್ಕು ಹೆಂಗಸರಿಗೆ ಹೇಳಿ ಕೆಲಸ ಮಾಡಿಸುವವಳು. ಚೀಲದ ತುಂಬ ಸೊಪ್ಪು, ಅವರೆಕಾಯಿ ತಂದಿದ್ದಳು. ಕೂತವಳೇ ವಿಷಯಕ್ಕೆ ಬಂದಳು. ತಮ್ಮನ ಹೆಂಡತಿ ಬಸುರಿ. ಹಿಂದೆ ಎರಡು ಸಲ ನಿಂತಿರಲಿಲ್ಲ.

"ಈ ಸಲ ನೀನು ಒಪ್ಪೊತ್ತು ಇರ್ಬೇಕು ಕಣವ್ವ. ಸುಭ ಸುಕ್ರವಾರ ನೀರೂ ಮುಟ್ಬಾರ್ದು. ನಾನು ಹರ್ಸ್ಕೊಂಡಿವ್ನಿ."

"ಹರಸ್ಕೊಂಡೋಳು ನೀನು, ಹಸ್ಕೊಳ್ಳೋಳು ನಾನಾ?"

"ನಿನ್ ಉಪಾಸ ದೇವ್ರಿಗೆ ಕೇಳ್ತದೆ. ನಿಮ್ಮಪ್ಪನ್ನ ಉಳಿಸ್ಲಿಲ್ವಾ?"

"ಅಪ್ಪನ್ನ ಉಳಿಸಿದ್ದು ಡಾಕ್ಟ್ರು. ನಾನು ಆಸ್ಪತ್ರೇಲಿ ಮಲ್ಗಿದ್ದು ಮರ್ತೋಯ್ತಾ ನಿಂಗೆ?"

"ಅದು ಗ್ಯಾಸ್ಟಿಕ್ಕು ಅಲ್ವಾ?"

ಅವಳು ಎದ್ದು ನಿಂತಳು. ಧ್ವನಿ ಜೋರಾಗಿತ್ತು. "ಅವ್ವ, ನನ್ನ ಹೊಟ್ಟೆ ನಿಮ್ಮ ಹರಕೆ ಹುಂಡಿ ಅಲ್ಲ. ಇಷ್ಟು ದಿನ ಎಲ್ಲಾ ತಂದು ತಂದು ಹಾಕಿದ್ರಿ. ಮುಚ್ಚಾಯ್ತು. ಆ ಕೂಸಿಗೆ ನಾನು ಪ್ರಾರ್ಥನೆ ಮಾಡ್ತೀನಿ, ದಿನಾ ಮಾಡ್ತೀನಿ. ಉಂಡ್ಕೊಂಡು ಮಾಡ್ತೀನಿ."

"ಆ ಕೂಸಿಗೆ ಏನಾರಾ ಆದ್ರೆ?"

 ತಾಯಿ ಚೀಲ ಕೊಡವಿಕೊಂಡು ಎದ್ದಳು. ಒಲೆಯ ಮೇಲೆ ಸಾರು ಕುದಿಯುತ್ತಿತ್ತು, ಉಂಡು ಹೋಗು ಎಂದರೆ ಕೇಳಲಿಲ್ಲ. ನಮ್ಮ ಕಡೆ ಸಿಟ್ಟು ಬಂದರೆ ಊಟ ಬಿಡುವುದು ರೂಢಿ. ಬೇರೆಯವರ ಮನೆಯಲ್ಲಿ ಅದು ಒಂದು ಹೊತ್ತಿನ ಮುನಿಸು, ಈ ಮನೆಯಲ್ಲಿ ಅದು ಕತ್ತಿ. ತಾಯಿ ಹೋದ ಮೇಲೆ ಅವಳು ಅವತ್ತು ಉಣ್ಣಲಿಲ್ಲ. ಮರುದಿನ ಶಾಲೆಗೆ ಬಂದವಳು ಎದ್ದು ನಿಂತು ಬಡಿಸಲು ಶುರು ಮಾಡಿದಳು. ಅವಳ ತಟ್ಟೆಯಲ್ಲಿ ಸವರಿದ ಮೊಸರು ಕಂಡಿತು.  ಕೈ ಹಿಡಿದು ಹೊರಗೆ ಎಳೆದುಕೊಂಡು ಹೋಗಿ, "ಡಾಕ್ಟ್ರು ಹೇಳಿದ್ದು ನೆನಪೈತಾ? ಈ ಸಲ ಬಿದ್ರೆ ಏಳಲ್ಲ ನೀನು" ಎಂದೆ. ಅವಳು ಕಟ್ಟೆಯ ಮೇಲೆ ಕೂತಳು. "ಉಂಡ್ರೆ ಆ ಕೂಸು ಹೋಗ್ತದೆ ಅಂತ ತಲೆ ಒಳ್ಗೆ ಒಬ್ಳು ಕೂತ್ಕೊಂಡು ಹೇಳ್ತಾವ್ಳೆ ಕಣೆ. ಅವಳ ದನಿ ನಮ್ಮವ್ವನ ದನಿ ಥರಾನೇ ಐತೆ" ಎಂದಳು. ಆಮೇಲೆ, "ಸುಭ ಸುಕ್ರವಾರ ನನ್ ಜೊತೆ ಊರಿಗೆ ಬಾ. ಒಬ್ಳೇ ಹೋದ್ರೆ ಸೋಲ್ತೀನಿ" ಎಂದಳು.

ಆ ಕೂಸು ಏನಾಯಿತು ಎಂದು ಓದುವವರು ಕೇಳುತ್ತೀರಿ. ನನಗೆ ಗೊತ್ತು, ಆದರೆ ಹೇಳುವುದಿಲ್ಲ. ಚೆನ್ನಾಗಿದೆ ಎಂದರೆ ಉಂಡದ್ದರಿಂದ ಒಳ್ಳೆಯದಾಯಿತು ಎನ್ನುತ್ತೀರಿ, ಇಲ್ಲ ಎಂದರೆ ಉಂಡದ್ದರಿಂದ ಹೋಯಿತು ಎನ್ನುತ್ತೀರಿ. ಎರಡೂ ತಪ್ಪು. ಅವಳ ಹೊಟ್ಟೆಗೂ ಆ ಕೂಸಿನ ಉಸಿರಿಗೂ ಸಂಬಂಧವಿರಲಿಲ್ಲ. ಇದನ್ನು ಒಪ್ಪಿಕೊಳ್ಳಲು ಅವಳಿಗೆ ಅರ್ಧ ಆಯಸ್ಸು ಬೇಕಾಯಿತು, ನಿಮಗೆ ನಾನು ಸುಲಭ ಮಾಡಿಕೊಡುವುದಿಲ್ಲ.

ಆ ಶುಕ್ರವಾರ ಮಳವಳ್ಳಿಯಲ್ಲಿ ಬಸ್ಸು ಬದಲಿಸಿ ಅವಳ ಊರಿಗೆ ಹೋದೆವು. ಬೆಳಿಗ್ಗೆ ಬಸ್ ಸ್ಟ್ಯಾಂಡಿನಲ್ಲಿ ಇಡ್ಲಿ ತಿನ್ನು ಎಂದರೆ ಆಗಲ್ಲ ಎಂದಿದ್ದಳು. ಹಿಂದಿನ ದಿನವೂ ಸರಿಯಾಗಿ ಉಂಡಿರಲಿಲ್ಲ. ಬಿಸಿಲಿನಲ್ಲಿ ಶಿಲುಬೆ ಹಾದಿ ಊರು ಸುತ್ತಿತು. ಗಂಡಸರು ಹೆಗಲು ಬದಲಿಸಿಕೊಂಡು ದೊಡ್ಡ ಮರದ ಶಿಲುಬೆ ಹೊತ್ತುಕೊಂಡು ಹೋದರು. ನಾನು ತಲೆಯ ಮೇಲೆ ಸೆರಗು ಹೊದ್ದು ಅವಳ ಪಕ್ಕದಲ್ಲೇ ನಡೆದೆ. ದಾರಿಯಲ್ಲಿ ಹೆಂಗಸರು ಬಂದು ಬಂದು ಅವಳ ಕೈ ಮುಟ್ಟಿ, "ಈ ಸಲ ಯಾರ್ಗೋಸ್ಕರ ಉಪಾಸ ಇದ್ದೀಯವ್ವ? ನಮ್ಮ ಮಗೀನ್ನೂ ಸೇರಿಸ್ಕೊ" ಎನ್ನುತ್ತಿದ್ದರು. ಅವಳು ಕೈ ಬಿಡಿಸಿಕೊಂಡು ಮುಂದೆ ನಡೆಯುತ್ತಿದ್ದಳು. ತುಟಿ ಒಣಗಿ ಬೆಳ್ಳಗಾಗಿತ್ತು. ಎರಡು ಸಲ ನನ್ನ ತೋಳು ಹಿಡಿದುಕೊಂಡಳು. ಬಿದ್ದುಬಿಡುತ್ತಾಳೆ ಎಂದು ನನಗೆ ಜೀವ ಬಾಯಿಗೆ ಬಂದಿತ್ತು.

ಮಧ್ಯಾಹ್ನ ಚರ್ಚಿನ ಅಂಗಳದಲ್ಲಿ ಹೊಂಗೆ ಮರದ ಕೆಳಗೆ ಗಂಜಿಯ ಹಂಡೆ ಇಳಿಸಿದರು. ಅಕ್ಕಿ ನುಚ್ಚು, ಹೆಸರುಕಾಳು ಹಾಕಿ ಬೇಯಿಸಿದ ಗಂಜಿ. ಆ ಊರಿನ ಪದ್ಧತಿ ಏನೆಂದರೆ, ಆ ಹೊತ್ತಿನ ಗಂಜಿ ಮಕ್ಕಳಿಗೆ, ಮುದುಕರಿಗೆ, ಕಾಯಿಲೆಯವರಿಗೆ. ಗಟ್ಟಿಮುಟ್ಟಾದವರು ಪೂಜೆ ಮುಗಿದು ಹೊತ್ತು ಮುಳುಗಿದ ಮೇಲೆ. ಅದನ್ನೂ ಮುಟ್ಟದವರಿಗೆ ಇನ್ನೂ ಹೆಚ್ಚು ಮರ್ಯಾದೆ. ಸೌಟು ಹಿಡಿಯುವುದು ಹಿರಿಯ ಹೆಂಗಸಿನ ಹಕ್ಕು. ಅವತ್ತು ಸೌಟು ಇದ್ದದ್ದು ಇವಳ ತಾಯಿಯ ಕೈಯಲ್ಲಿ. ಬಸುರಿ ಸೊಸೆ ಪಕ್ಕದಲ್ಲಿ ಕಲ್ಲಿನ ಮೇಲೆ ಕೂತು ಬಟ್ಟಲು ಎತ್ತಿಕೊಡುತ್ತಿದ್ದಳು.

ಅವಳು ಚರ್ಚಿನ ಬಾಗಿಲಿನಲ್ಲಿ ನಿಂತು ಒಳಗಿನ ಶಿಲುಬೆಯನ್ನು ನೋಡಿದಳು. ತುಟಿ ಅಲ್ಲಾಡಿತು, ಒಂದೇ ವಾಕ್ಯದಷ್ಟು. ಆಮೇಲೆ ಮೆಟ್ಟಿಲಿಳಿದು ಹೋಗಿ ಮಕ್ಕಳ ಸಾಲಿನ ಕೊನೆಯಲ್ಲಿ ನಿಂತಳು. ಸೊಂಟದೆತ್ತರದ ಮಕ್ಕಳ ಹಿಂದೆ ಒಬ್ಬ ಟೀಚರು. ಅಂಗಳದಲ್ಲಿದ್ದವರೆಲ್ಲ ತಿರುಗಿ ನೋಡಿದರು. ಸಾಲು ಮುಂದೆ ಸರಿಯಿತು, ಅವಳೂ ಸರಿದಳು. ನಾನು ಮರದ ಹತ್ತಿರ ನಿಂತು ಸೆರಗಿನ ತುದಿ ಹಿಂಡುತ್ತಿದ್ದೆ.

ತಾಯಿ ಮೊದಲು ನೋಡಲೇ ಇಲ್ಲ ಎಂಬಂತೆ ಮುಂದಿನ ಮಗುವಿಗೆ ಕೈ ಚಾಚಿದಳು. ಮುಂದೆ ಮಗು ಇರಲಿಲ್ಲ.

"ಇದು ಮಕ್ಳಿಗೆ, ಸೀಕಿನೋರಿಗೆ," ಎಂದಳು.

"ನಾನು ಸೀಕಿನೋಳೇ ಕಣವ್ವ."

"ಮೆಲ್ಲುಗ್ ಮಾತಾಡೇ."

"ಯಾಕ್ ಮೆಲ್ಲುಗ್ ಮಾತಾಡ್ಲಿ?" ಅವಳು ತಿರುಗಿ ಅಂಗಳಕ್ಕೆಲ್ಲ ಕೇಳುವಂತೆ ಹೇಳಿದಳು, ಕ್ಲಾಸಿನಲ್ಲಿ ಕೊನೆಯ ಬೆಂಚಿಗೆ ಕೇಳಿಸುವ ದನಿಯಲ್ಲಿ. "ನೀವೆಲ್ಲ ಉಪಾಸ ಅಂದ್ಕೊಂಡಿದ್ರಲ್ಲ, ಅದು ಉಪಾಸ ಅಲ್ಲ. ಕಾಯಿಲೆ. ಚಿಕ್ಕ ಹುಡ್ಗಿಯಿಂದ ಐತೆ. ಸಾಯೋ ಹಂಗಾಗಿತ್ತು. ಯಾರೂ ನನ್ ಹತ್ರ ಹರಕೆ ತರ್ಬೇಡಿ. ನಾನು ಉಣ್ಣಾಕ್ ಬಂದಿವ್ನಿ."

ತಾಯಿಯ ಮುಖ ಕೆಂಪಾಯಿತು. ಸೌಟು ಹಂಡೆಯ ಅಂಚಿನ ಮೇಲೇ ಇತ್ತು. "ಇವತ್ತು ಏಸುಸ್ವಾಮಿ ಸಿಲುಬೆ ಮೇಲವ್ನೆ. ಇವತ್ತೇ ಸಿಕ್ತೇನೆ ನಿಂಗೆ?" ಎಂದಳು.

"ಅವನು ಅಲ್ಲಿರೋದು ನಾನು ಬದುಕ್ಲಿ ಅಂತ ಅಲ್ವಾ ಅವ್ವ? ಅವನು ಸತ್ತಿದ್ದು ಸಾಕಾಗ್ಲಿಲ್ವಾ, ನಾನೂ ಸಾಯ್ಬೇಕಾ?"

 ಕಲ್ಲಿನ ಮೇಲೆ ಕೂತಿದ್ದ ಸೊಸೆ ಒಂದು ಬಟ್ಟಲು ಎತ್ತಿ, ಅತ್ತೆಯ ಕೈಗೆ ಕೊಡದೆ, ನೇರವಾಗಿ ಇವಳ ಕೈಗೆ ಕೊಟ್ಟಳು. ಇವಳು ಬಟ್ಟಲನ್ನು ಹಂಡೆಯ ಮುಂದೆ ಹಿಡಿದು ನಿಂತಳು. ಕೈ ಹಿಂದಕ್ಕೆ ತೆಗೆಯಲಿಲ್ಲ. ತಾಯಿ ಮಗಳ ಮಣಿಕಟ್ಟನ್ನು ನೋಡಿದಳು, ಬಹಳ ಹೊತ್ತು ನೋಡಿದಳು. ಮೊದಲ ಸಲ ನೋಡುತ್ತಿದ್ದಾಳೆ ಎನಿಸಿತು ನನಗೆ. ಆಮೇಲೆ ಒಂದು ಸೌಟು ಹಾಕಿದಳು.

ಅವಳು ಅಲ್ಲೇ, ಹಂಡೆಯ ಪಕ್ಕದಲ್ಲೇ, ನೆಲದ ಮೇಲೆ ಕೂತಳು. ಶಿಲುಬೆಯ ಗುರುತು ಹಾಕಿಕೊಂಡಳು. ಬಟ್ಟಲನ್ನು ಬಾಯಿಗೆ ಎತ್ತಿದಳು. ಮೊದಲ ಗುಟುಕಿಗೆ ಕಣ್ಣು ಮುಚ್ಚಿತು, ಗುಟುಕು ಬಾಯಲ್ಲೇ ನಿಂತಿತು, ಈಗ ಉಗುಳುತ್ತಾಳೆ ಎಂದು ನಾನು ಒಂದು ಹೆಜ್ಜೆ ಮುಂದಿಟ್ಟೆ. ಉಗುಳಲಿಲ್ಲ. ನುಂಗಿದಳು. ಇಡೀ ಊರು ನೋಡುತ್ತಿದ್ದಂತೆ ಒಂದೊಂದೇ ಗುಟುಕು ಕುಡಿದಳು, ಬಟ್ಟಲಿನ ಅಂಚಿಗೆ ಅಂಟಿದ ನುಚ್ಚನ್ನು ಬೆರಳಿನಿಂದ ಬಳಿದು ತಿಂದಳು. ನನಗೆ ಅಳು ತಡೆಯಲಾಗಲಿಲ್ಲ.

ಮುಗಿಯಿತು ಎಂದುಕೊಂಡೆ. ಅವಳು ಎದ್ದು ನಿಂತಳು, ಸೆರಗಿನಿಂದ ಬಾಯಿ ಒರೆಸಿಕೊಂಡು, ಖಾಲಿ ಬಟ್ಟಲನ್ನು ಮತ್ತೆ ತಾಯಿಯ ಮುಂದೆ ಚಾಚಿದಳು.

"ಇನ್ನೊಂದ್ ಸೌಟು ಬುಡವ್ವ," ಎಂದಳು. "ತಳದಿಂದ ಬುಡು, ಕಾಳು ಬರ್ಲಿ."